ಸಿಪಿಯು ಡಬ್ಬಿಗೆ ಗ್ರೈಂಡರ್

ಗೆಳೆಯರೇ, ಇವತ್ತು ನಮ್ಮ ಅಂಗಳದಲ್ಲಿ ನನ್ನ ಹಳೇ ಕಂಪ್ಯೂಟರಿನ ಸಿಪಿಯು ಡಬ್ಬಿಗೆ ಕಬ್ಬಿಣ ಕೊಯ್ಯುವ ಗ್ರೈಂಡರ್ ಬಿತ್ತು. ಹಿಡಿದವಳು ಮಗಳು.

"ಏನ್ ಮಾಡಾಕತ್ತೀಬೇ? ತೊಂಬತ್ತರ ದಶಕದ ಡಬ್ಬಿ ಅದು!"

"ಅದಕ್ಕ ಬೇಕಪ್ಪಾ. ಈಗಿನವು ಬರೇ ತಗಡು, ಇದು ಗಟ್ಟಿ ಐತಿ. ಒಳಗ ಹೊಸಾ ಮಷೀನು ಕುಂದ್ರಸ್ತೀನಿ. ತಂಪಿರಾಕ ನೀರಿನ ಪೈಪು ಹಾಕ್ತೀನಿ."

"ಕಂಪ್ಯೂಟರ್‌ನಾಗ ನೀರು? ಸೋರಿದ್ರ?"

ಆ ಕಾಲದಲ್ಲಿ ಸಿಂಧನೂರಿನ ನನ್ನ ಅಂಗಡಿಯಲ್ಲಿ ಇದೇ ಮಷೀನಿನ ಮುಂದೆ ಕೂತು ಲಗ್ನಪತ್ರಿಕೆ ಮಾಡುತ್ತಿದ್ದೆ. ಬೇಸಿಗೆಯಲ್ಲಿ ಅದು ಕಾದು ನಿಂತೇಬಿಡುತ್ತಿತ್ತು. ಅದಕ್ಕೇ ಕಿಟಕಿಗೆ ಗೋಣಿಚೀಲ ಕಟ್ಟಿದ್ದೆ. ಪತ್ರಿಕೆಗೆ ಕಾಯುತ್ತ ಕೂತವರೇ ಎದ್ದು ಅದಕ್ಕೆ ನೀರು ಹೊಡೆಯುತ್ತಿದ್ದರು. ತೊಯ್ದ ಗೋಣಿಯ ಗಾಳಿ ಅವರಿಗೂ ಬೇಕಿತ್ತು.

ಒಮ್ಮೆ ಮುಕ್ಕುಂದದ ಹುಡುಗಿಯೊಬ್ಬಳು ಅಕ್ಕನ ಲಗ್ನಪತ್ರಿಕೆಗೆಂದು ಅಪ್ಪನ ಜೊತೆ ಬಂದಳು. ಅವಳು ಗೋಣಿಗೆಂದು ಎರಚಿದ ತಂಬಿಗೆ ನೀರು ಮಷೀನಿನ ಮೇಲೂ ಬಿತ್ತು, ನನ್ನ ಮೇಲೂ ಬಿತ್ತು. ಮಷೀನು ಮತ್ತೆ ಶುರುವಾಗುವವರೆಗೆ ಅಪ್ಪ-ಮಗಳು ದಿನಾ ಬಸ್ಸು ಹತ್ತಿ ಬಂದು "ಒಣಗೈತೇನ್ರೀ?" ಎಂದು ಕೇಳಿಕೊಂಡು ಹೋಗುತ್ತಿದ್ದರು. ಕೇಳುತ್ತಿದ್ದುದು ಅಪ್ಪ, ನಗುತ್ತಿದ್ದುದು ಮಗಳು.

ಆ ಹುಡುಗಿ ಇವತ್ತು ಅಡುಗೆಮನೆಯಿಂದಲೇ ಮಗಳಿಗೆ ಕೂಗಿ ಹೇಳಿದಳು:

"ಸೋರಿದ್ರ ಏನಾಗ್ತೈತಿ ಅಂತ ನನ್ನ ಕೇಳಬೇ! ಅವತ್ತ ಒಂದ್ ತಂಬಿಗಿ ನೀರು ಜಾಸ್ತಿ ಹಾಕಿ, ಇವತ್ತಿನತನಾ ಇವರಿಗೆ ಚಾ ಮಾಡಾಕತ್ತೀನಿ!"

ಮಗಳು ನಕ್ಕು ಮತ್ತೆ ಗ್ರೈಂಡರ್ ಹಚ್ಚಿದಳು. ನಾನು ಡಬ್ಬಿ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು ಕೂತೆ.

ಚಾ ಮಾತ್ರ ಇನ್ನೂ ಬಂದಿಲ್ಲ.