ವಯಸ್ಸು ಕೇಳುವ ಮಹಾನುಭಾವರು

ಗಣಿತದ ವೆಂಕಟರವಣಪ್ಪನವರು ದೆಹಲಿಯಿಂದ ರಜೆಗೆ ಬಂದರೆ ಚಿಂತಾಮಣಿಯ ಸಂತೆಯೇ ಚದುರುತ್ತಿತ್ತು. ಯಾರು ಎಷ್ಟು ವರ್ಷ ಬದುಕುತ್ತಾರೆಂದು ಗುಣಿಸಿ ದೇಶದ ಕಾರ್ಮಿಕರ ವಿಮೆಗೆ ಲೆಕ್ಕ ಹಾಕುವ ಈ ಮಹಾನುಭಾವರು ಬದನೆಕಾಯಿ ಕೊಳ್ಳುವಾಗಲೂ, "ನಿಂಗೆಷ್ಟು ವಯಸ್ಸಪ್ಪ? ನಿಮ್ಮಪ್ಪ ಎಷ್ಟಕ್ಕೆ ಹೋದ್ರು?" ಎನ್ನುತ್ತಿದ್ದರು. ವಯಸ್ಸು ಹೇಳಿದರೆ ಆಯಸ್ಸು ಕಡಿಮೆಯಾದೀತೆಂದು ಜನ ಓಡುತ್ತಿದ್ದರು. "ಪ್ಲೇಗಿನ ವರ್ಷ ಹುಟ್ಟಿದ್ದು ಸಾಮಿ" ಎಂದು ಯಾರಾದರೂ ಬಾಯಿಬಿಟ್ಟರೆ, ಹೋಳಿಗೆ ಊಟ ಸಿಕ್ಕಿದವರಂತೆ ಅವರ ಮುಖ ಅರಳುತ್ತಿತ್ತು. ಓಡದೆ ನಿಲ್ಲುತ್ತಿದ್ದವಳು ನಮ್ಮಮ್ಮ ಗಂಗುಲಮ್ಮ ಒಬ್ಬಳೇ. ಬೆಂಗಳೂರಿನ ಗಿರಣಿಯಲ್ಲಿ ಯಂತ್ರಕ್ಕೆ ಸಿಕ್ಕಿ ಅಪ್ಪ ಸತ್ತ ಮೇಲೆ ಆ ವಿಮೆಯಿಂದಲೇ ತಿಂಗಳು ತಿಂಗಳೂ ನಮ್ಮ ಒಲೆ ಉರಿಯುತ್ತಿತ್ತು. ಅವಳನ್ನು ಮಾತ್ರ ಅವರು ಏನೂ ಕೇಳದೆ ತಲೆ ತಗ್ಗಿಸುತ್ತಿದ್ದರು. ಒಂದು ದಿನ ಅವಳೇ ಹೇಳಿದಳು: "ನಮ್ಮೆಜಮಾನ್ರಿಗೆ ಮೂವತ್ತೊಂದಾಗಿತ್ತು ಸಾಮಿ, ಬರ್ಕೊಳ್ಳಿ. ನಿಮ್ ಲೆಕ್ಕದಿಂದ ಇನ್ನೊಬ್ಬಳ ಮನೇಲೂ ಒಲೆ ಹತ್ಲಿ."