ಫ್ರೌ ಕೆಲ್ಲರ್ ಅವರ ಒಲೆ ಮತ್ತು ನನ್ನ ಸಹಿ

ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ನನ್ನ ಮನೆಯೊಡತಿಯಾಗಿದ್ದ ಫ್ರೌ ಕೆಲ್ಲರ್ ಮನೆಯೊಳಗೂ ಉಣ್ಣೆಯ ಟೋಪಿ ತೆಗೆಯುತ್ತಿರಲಿಲ್ಲ. ಸೂಪು ಕುಡಿಯುವಾಗಲೂ ಟೋಪಿ, ರೇಡಿಯೋ ಕೇಳುವಾಗಲೂ ಟೋಪಿ. ನೆಂಟರು ಬಂದರೆ ಒಳ್ಳೆಯ ಟೋಪಿ. ಗಂಡ ತೀರಿಹೋದ ಮೇಲೆ ಸಣ್ಣ ಪಿಂಚಣಿಯಲ್ಲಿ ಬದುಕುತ್ತಿದ್ದ ಅವರಿಗೆ ಚಳಿ ಕಾಯಿಸಿಕೊಳ್ಳಲು ಇದ್ದದ್ದು ಅಡುಗೆಮನೆಯ ಕಲ್ಲಿದ್ದಲಿನ ಒಲೆಯೊಂದೇ. ನೆಲಮಾಳಿಗೆಯಿಂದ ಇದ್ದಲಿನ ಬಕೆಟ್ಟನ್ನು ಅವರೇ ಹೊತ್ತು ತರುತ್ತಿದ್ದರು. ಹದಿನೇಳು ಮೆಟ್ಟಿಲು, ನಡುವೆ ಎರಡು ಸಲ ನಿಂತು ಸುಧಾರಿಸಿಕೊಳ್ಳುವುದು. ಡೈರಿಯಲ್ಲಿ ಎಲ್ಲವನ್ನೂ ಎಣಿಸಿ ಬರೆಯುವ ನಾನು ಇದನ್ನೂ ಬರೆದಿಟ್ಟಿದ್ದೇನೆ.

"ಒಲೆಗೂ ವಯಸ್ಸಾಯಿತು, ನನಗೂ ಆಯಿತು. ಬೆಳಗ್ಗೆ ಇಬ್ಬರಲ್ಲಿ ಯಾರು ಮೊದಲು ಬಿಸಿಯಾಗ್ತೀವೋ ನೋಡೋಣ" ಎನ್ನುತ್ತಿದ್ದರು. ಅಂಥ ಚಳಿಯಲ್ಲೂ ನಾನು ಮಹಡಿಯ ಕೋಣೆಯಲ್ಲಿ ಕರೆಂಟ್ ಹೀಟರ್ ಹಾಕಿಕೊಂಡು ಬನಿಯನ್‌ನಲ್ಲಿ ಕೂತಿರುತ್ತಿದ್ದೆ.

ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡಿನ ಮೇಲೆ ನಾನು ಬಂದ ಎರಡನೆಯ ವರ್ಷ, ಅಕ್ಟೋಬರ್ ಎಂಟರಂದು ಅವರು ಒಂದು ಕಾಗದ ಹಿಡಿದು ಮೇಲೆ ಬಂದರು. ಕಡಿಮೆ ವರಮಾನದವರು ಹಳೆಯ ಒಲೆ ತೆಗೆಸಿ, ಸ್ವಲ್ಪ ಗ್ಯಾಸಿನಲ್ಲೇ ಇಡೀ ಮನೆ ಬಿಸಿ ಮಾಡುವ ಹೊಸ ಹೈಟ್ಸುಂಗ್ ಹಾಕಿಸಿಕೊಳ್ಳಲು ನಗರಾಡಳಿತ ಸಹಾಯಧನ ಕೊಡುತ್ತಿತ್ತು. ಆದರೆ ಅದೇ ವಿಳಾಸದಲ್ಲಿ ನೋಂದಾಯಿಸಿಕೊಂಡಿದ್ದ ನನ್ನ ಸಂಬಳವೂ ಲೆಕ್ಕಕ್ಕೆ ಬಂದರೆ ಅವರು ಬಡವರಾಗುತ್ತಿರಲಿಲ್ಲ. ನಾನು ಬರೀ ಬಾಡಿಗೆಗಿದ್ದೇನೆ, ನನ್ನ ಅಡುಗೆ ಬೇರೆ, ಖರ್ಚು ಬೇರೆ ಎಂದು ಸಹಿ ಹಾಕಿಕೊಡಬೇಕಿತ್ತು. ಅದೆಲ್ಲ ನಿಜವೇ.

"ಆಫೀಸಿನಲ್ಲಿ ಯಾರಿಗಾದರೂ ತೋರಿಸಿ ಕೊಡುತ್ತೇನೆ" ಎಂದೆ.

ತೋರಿಸಿದ್ದು ಹುಬ್ಬಳ್ಳಿಯ ಗುರುರಾಜನಿಗೆ. "ಏ ಮಗಾ, ಹುಚ್ಚ ಹಿಡದೈತೇನ ನಿನಗ? ಜರ್ಮನ್ ಕಾಗದಕ್ಕ ಸೈನ್ ಹಾಕ್ತೀ? ನಾಳೆ ವೀಸಾ ಆಫೀಸಿನವ್ರು, ಸರ್ಕಾರದ ರೊಕ್ಕದಾಗ ನಿಂದೂ ಪಾಲ್ ಐತೇನು ಅಂತ ಕೇಳಿದ್ರ, ನಿಮ್ಮ ಮನಿ ಅಜ್ಜಿ ಬರ್ತಾಳೇನ್ ಬಿಡಸಾಕ?"

ನಿಘಂಟು ಹಿಡಿದು ನಾನು ಎರಡೇ ದಿನದಲ್ಲಿ ಕಾಗದವನ್ನು ಪೂರ್ತಿ ಓದಿದ್ದೆ. ಹೆದರುವಂಥದ್ದು ಏನೂ ಇರಲಿಲ್ಲ. ಆದರೂ ಹೆದರಿದೆ.

ಫ್ರೌ ಕೆಲ್ಲರ್ ಮೂರು ಸಲ ಕೇಳಿದರು. ಮೂರು ಸಲವೂ ಕೆಲಸ ಹೆಚ್ಚೆಂದೆ. ನಾಲ್ಕನೆಯ ಸಲ ಅವರು ಕಾಗದದ ಮಾತೇ ಎತ್ತದೆ ಒಂದು ತಟ್ಟೆ ಪ್ಲಮ್ ಕೇಕ್ ಕೈಗಿಟ್ಟು, "ಹೆರ್ ಪ್ರಸಾದ್, ಇಷ್ಟೊಂದು ದುಡಿಯಬಾರದು. ಸರಿಯಾಗಿ ಊಟವಾದರೂ ಮಾಡ್ತೀರಾ?" ಎಂದರು. ಅಂದೇ ಸಹಿ ಹಾಕಿದೆ. ಅಕ್ಟೋಬರ್ ಇಪ್ಪತ್ತೇಳು. ಕಾಗದ ನನ್ನ ಬಳಿ ಇದ್ದದ್ದು ಹತ್ತೊಂಬತ್ತು ದಿನ.

ಉತ್ತರ ಬಂತು. ಈ ವರ್ಷದ ಹಣ ನಿಮ್ಮ ಅರ್ಜಿ ತಲುಪುವ ಹಿಂದಿನ ವಾರವಷ್ಟೇ ಮುಗಿದಿದೆ, ಅರ್ಜಿಯನ್ನು ಮುಂದಿನ ವರ್ಷಕ್ಕೆ ಪರಿಗಣಿಸಲಾಗುವುದು ಎಂದಿತ್ತು.

"ನನಗಿಂತ ಬಡವರು ಮೊದಲು ಹೋಗಿರಬೇಕು. ಒಳ್ಳೆಯದೇ ಆಯಿತು" ಎಂದರು ಫ್ರೌ ಕೆಲ್ಲರ್.

ಆಮೇಲೆ ನಾನು ಬಕೆಟ್ ಹೊರಲು ಹೋದಾಗಲೆಲ್ಲ, "ಬಿಡಿ, ಆಫೀಸಿನ ಬಟ್ಟೆ ಮಸಿಯಾಗುತ್ತೆ" ಎಂದು ಕಿತ್ತುಕೊಳ್ಳುತ್ತಿದ್ದರು. ಎರಡನೆಯ ಸಲ ಒತ್ತಾಯ ಮಾಡುವಷ್ಟು ಮುಖ ನನಗಿರಲಿಲ್ಲ.

ಹೊಸ ವರ್ಷದ ಹಣ ಬಿಡುಗಡೆಯಾಗುವ ಮೊದಲೇ, ಜನವರಿಯಲ್ಲಿ, ಅವರ ಮಣಿಕಟ್ಟು ಊದಿಕೊಂಡಿತು. ಬಕೆಟ್ ಎತ್ತಲಾಗದೆ, ಮನೆ ಮಾರಿ ತಂಗಿಯ ಊರಿಗೆ ಹೋಗಿಬಿಡುವುದೆಂದು ನಿಶ್ಚಯಿಸಿದರು. ನನಗೆ ಬೇರೆ ಕೋಣೆಯನ್ನೂ ಅವರೇ ಹುಡುಕಿಕೊಟ್ಟರು. ಕರೆದೊಯ್ಯಲು ಬಂದ ತಂಗಿಗೆ ಬಾಗಿಲಲ್ಲಿ ನನ್ನನ್ನು ಪರಿಚಯಿಸಿದರು.

"ಇವರೇ ಹೆರ್ ಪ್ರಸಾದ್. ಅಷ್ಟು ಕೆಲಸದ ನಡುವೆಯೂ ಬಿಡುವು ಮಾಡಿಕೊಂಡು ನನಗೆ ಸಹಿ ಹಾಕಿಕೊಟ್ಟವರು."

ತಂಗಿ ನನ್ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ಡಾಂಕೆ, ಡಾಂಕೆ ಎಂದು ಧನ್ಯವಾದ ಹೇಳಿದರು.

ನಾನು ಪರವಾಗಿಲ್ಲ ಎಂದೆ.