ಪತಂಗಕ್ಕೆ ಇಟ್ಟ ಎಡೆ

ತಂಗಿಯನ್ನು ಮಣ್ಣು ಮಾಡಿದ ಮೂರನೆಯ ದಿನ ಹಾಲು-ತುಪ್ಪ ಮುಗಿಸಿ ಮನೆಗೆ ಬಂದರೆ, ಬಾಗಿಲ ಹಿಂದೆ ತೂಗುಹಾಕಿದ್ದ ಅವಳ ಸೀರೆಯ ಮೇಲೆ ಅಂಗೈಯಗಲದ ಪತಂಗವೊಂದು ಕೂತಿತ್ತು. ಅರಿಶಿನ ಬೆರೆಸಿದ ಮಣ್ಣಿನ ಬಣ್ಣ. ನಾಲ್ಕು ರೆಕ್ಕೆಗಳಲ್ಲೂ ಗಾಜು ಕೂರಿಸಿದಂಥ ಒಂದೊಂದು ದುಂಡನೆಯ ಚುಕ್ಕೆ.

“ಬಂದಾಳ ನೋಡು,” ಅಂದಳು ಅವ್ವ. ಕೂಡಿದ್ದ ಮಂದಿಯೆಲ್ಲ ಹೌದೌದೆಂದು ತಲೆದೂಗಿದರು.

ನನಗೆ ಸಿಟ್ಟು ನೆತ್ತಿಗೇರಿತು. ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲಿ ಹುಳುಗಳ ಬಗ್ಗೆಯೇ ಓದಿದವಳು ನಾನು. ಅದು ಸುರಪುರದ ಗುಡ್ಡದ ಕುರುಚಲು ಕಾಡಿನ ಟಸರ್ ಎಂಬ ಕಾಡುರೇಷ್ಮೆಯ ಪತಂಗ. ಕೋಳಿಮೊಟ್ಟೆಯಂಥ ಅದರ ಗೂಡುಗಳು ಟೊಂಗೆಗೆ ಜೋತುಬಿದ್ದಿರುವುದನ್ನು ಎಷ್ಟು ಸಲ ನೋಡಿಲ್ಲ! ಆದರೂ ಸುಮ್ಮನಿದ್ದೆ. ಅವ್ವನ ಮುಖ ಎಷ್ಟೋ ದಿನಗಳ ಮೇಲೆ ಅರಳಿತ್ತು.

ಅವ್ವ ಅದರ ಮುಂದೆ ಹಾಲು ಇಟ್ಟಳು. ಮುಟ್ಟಲಿಲ್ಲ. ಮರುದಿನ ಮಾದಲಿ ಮಾಡಿ ಎಡೆ ಹಿಡಿದಳು. ಅದನ್ನೂ ಮುಟ್ಟಲಿಲ್ಲ. ಸೀರೆಯ ಅಂಚಿಗೆ ಮೊಟ್ಟೆಗಳನ್ನು ಅಂಟಿಸಿತು, ಅಷ್ಟೇ. ಅವ್ವ ಗೋಡೆಗೆ ಒರಗಿ ಅಳತೊಡಗಿದಳು.

“ಸಿಟ್ಟಾಗ್ಯಾಳ. ನನ್ನ ಕೈಲೆ ಇನ್ನ ಉಣ್ಣೂದಿಲ್ಲ ಅಕಿ.”

ತಂಗಿಗೆ ಅನ್ನನಾಳದಲ್ಲಿ ಗಡ್ಡೆಯಾಗಿತ್ತು. ಕೊನೆಕೊನೆಗೆ ಗುಟುಕು ಗಂಜಿಯೂ ಇಳಿಯುತ್ತಿರಲಿಲ್ಲ. ಹಟ ಮಾಡುತ್ತಿದ್ದಾಳೆಂದು ಅವ್ವ ಬೈದು, ಗದರಿಸಿ, ತುಟಿಗೆ ಚಮಚ ಒತ್ತಿಹಿಡಿಯುತ್ತಿದ್ದಳು.

ನನಗೆ ತಡೆಯಲಾಗಲಿಲ್ಲ. “ಯವ್ವಾ, ಸಿಟ್ಟಲ್ಲ. ಈ ಜಾತಿಗಿ ಉಣ್ಣಾಕ ಬಾಯೇ ಇರೂದಿಲ್ಲ. ಹುಳ ಇದ್ದಾಗ ಮತ್ತಿ ಗಿಡದ್ದು, ಬಾರಿಹಣ್ಣಿನ ಗಿಡದ್ದು ಸೊಪ್ಪು ತಿಂದು ಗೂಡು ಕಟ್ಕೋತದ. ರೆಕ್ಕಿ ಬಂದ ಮ್ಯಾಲ ತತ್ತಿ ಇಡತದ, ನಾಕು ದಿನಕ್ಕ ಸಾಯತದ.”

ಸಮಾಧಾನಕ್ಕೆಂದು ಹೇಳಿದ್ದೆ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಪತಂಗದ ಹತ್ತಿರ ಬಗ್ಗಿ ನೋಡಿದಳು.

“ಅಂದ್ರ ಬ್ಯಾಡ ಅನ್ನಾಕತ್ತಿಲ್ಲ. ಉಣ್ಣಾಕ ಬರೂದೇ ಇಲ್ಲ.”

“ಹೌದವ್ವಾ.”

“ನನ್ನ ಮಗಳಿಗೂ ಬರ್ತಿದ್ದಿಲ್ಲ. ನಾ ಬೈದೆ.”

ಬಳಿಗೆ ಹೋಗಿ ಕೂತೆ. ಇಬ್ಬರೂ ಅತ್ತೆವು.

ಪತಂಗ ಸತ್ತು ನೆಲಕ್ಕೆ ಬಿದ್ದ ದಿನ ಅವ್ವ ಅದನ್ನು ಸೆರಗಿನಲ್ಲಿ ಒಯ್ದು ತಂಗಿಯನ್ನು ಮಣ್ಣು ಮಾಡಿದ ಗುದ್ದಿನ ಪಕ್ಕದಲ್ಲೇ ಹೂತು ಬಂದಳು. ಸೀರೆಯನ್ನು ಮಾತ್ರ ಯಾರಿಗೂ ಮುಟ್ಟಗೊಡಲಿಲ್ಲ. ವಾರದ ಮೇಲೆ ಒಂದು ಮುಂಜಾನೆ ಮೊಟ್ಟೆಯೊಡೆದ ಸಣ್ಣ ಹುಳುಗಳು ಅಂಚಿನ ತುಂಬ ಹರಿದಾಡುತ್ತಿದ್ದವು. ಅವ್ವ ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು.

“ಇವು ನುಂಗತಾವೇನು?”

“ನುಂಗತಾವವ್ವಾ.”

ನಾನು ಹಾಸಿಗೆ ಬಿಟ್ಟು ಏಳುವಷ್ಟರಲ್ಲಿ ಅವಳು ಕುಡುಗೋಲು ಹಿಡಿದು ಬೇಲಿಯ ಬಾರಿಗಿಡದ ಕಡೆ ಓಡುತ್ತಿದ್ದಳು.